ಪೂಜೆಯ ಬಿಂದಗಿ

ಅತ್ತೆವ್ವ,

ಬಿಡಕಿನ್‌ಗೆ ಹೋಗೋ ಕಂಪನಿ ಬಸ್ಸಿಗೆ ಟೈಮ್ ಆತು, ನಿಮ್ಮನ್ನ ಎಬ್ಬಿಸಲಿಲ್ಲ.

ಇವತ್ತು ನಳ ಬರೋ ದಿನ, ಅದೂ ಮಧ್ಯಾಹ್ನ ಒಂದಕ್ಕ. ಹೊಸ ನೀರು ಬಂದ ಮ್ಯಾಲೇ ಲಿಂಗಪೂಜಿ, ಪೂಜಿ ಆದ ಮ್ಯಾಲೇ ಬಾಯಿಗೆ ನೀರು ಅಂತ ಕೂಡಬ್ಯಾಡ್ರಿ. ಹೋದ ಸೋಮವಾರ ಹಂಗ ಕೂತೇ ನಳದ ಮುಂದ ತಲಿ ತಿರುಗಿ ಬಿದ್ರಿ. ಸಲಾಯಿನ್ ಹಚ್ಚಿದ ಡಾಕ್ಟರು "ಬಿಸಿಲಾಗ ಹೋಗಿದ್ರೇನು?" ಅಂತ ಕೇಳಿದ್ರ, "ಇಲ್ರಿ, ಮನ್ಯಾಗೇ ಇದ್ದೆ" ಅಂದ್ರಿ. ನೀರು ಕುಡಿದಿಲ್ಲ ಅನ್ನೋದು ಮಾತ್ರ ಹೇಳಲಿಲ್ಲ.

ಅದಕ್ಕ ನಸುಕಿನ್ಯಾಗ ಜಳಕ ಮಾಡಿ, ಪಕ್ಕದ ಮನಿ ಬೋರಿನಿಂದ ತಾಮ್ರದ ಬಿಂದಗಿ ತುಂಬಿ ದೇವರ ಜಗಲಿ ಮ್ಯಾಲೆ ಇಟ್ಟೀನಿ. ಮಡಿಯಿಂದಲೇ ತಂದೀನಿ, ಅನುಮಾನ ಬ್ಯಾಡ. ಏಳರೊಳಗ ಪೂಜಿ ಮುಗಿಸ್ರಿ.

ಮಜ್ಜಿಗಿ ಫ್ರಿಜ್ಜಿನ್ಯಾಗ ಅದ, ಉಪ್ಪು ಹಾಕೀನಿ.

ಕೂಲರ್ ಹಚ್ಚಿದಾಗ ಕಿಟಕಿ ತೆರೆದೇ ಇರಲಿ, ಮುಚ್ಚಿದ್ರ ಒಳಗ ಸೆಕಿ ಕೂಡತದ. ಕೂಲರಿನ ನೀರು ತೆಗೆದು ಬಿಲ್ವಪತ್ರಿ ಗಿಡಕ್ಕ ಹಾಕಬ್ಯಾಡ್ರಿ. ಗಿಡಕ್ಕ ನಾನೇ ಹಾಕೀನಿ.

ಮಾಳಿಗಿ ಮ್ಯಾಲಿನ ಹಪ್ಪಳ ಸಂಜೀಕ ನಾ ಬಂದು ತಗೀತೀನಿ. ಸುಟ್ಟು ಹೋದ್ರೂ ನೀವು ಹತ್ತಬ್ಯಾಡ್ರಿ.

ನೀರು ಕುಡಿದ ಮ್ಯಾಲೆ ನನಗೊಂದು ಮಿಸ್ಡ್ ಕಾಲ್ ಕೊಡ್ರಿ. ಈ ವಾರ ಕಂಪನ್ಯಾಗ ನನ್ನ ಡ್ಯೂಟಿ ಬೆಂಕಿ ಭಟ್ಟಿ ಕಡೆ ಅದ. ನಿಮಗೊಂದು ನೇಮ ಇದ್ದಂಗ ಇವತ್ತಿನಿಂದ ನನಗೂ ಒಂದು ನೇಮ: ನಿಮ್ಮ ಕಾಲ್ ಬರೋತನಕ ನಾನೂ ನೀರು ಮುಟ್ಟಂಗಿಲ್ಲ.

ಮಹಾನಂದಾ