ಅಳಿಯ ನಕ್ಕದ್ದಕ್ಕೆ ನಿಮ್ಮ ಕಚೇರಿಯೇ ಹೊಣೆ

ಯಾವ ಆಟಗಾರ ಯಾವಾಗ ಮೇಲಿನ ತಂಡಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಅಳಿಯನ ಮನಸ್ಸು ಸ್ಥಿಮಿತದಲ್ಲಿಲ್ಲ ಎಂದು ನಿಮ್ಮ ಕಚೇರಿಯವರು ಕೇಳಿದವರಿಗೆಲ್ಲ ಹೇಳುತ್ತಿದ್ದಾರೆ. ಅದನ್ನು ನಿಲ್ಲಿಸಿ. ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಟ್ಟೆ, ಏಕೆಂದರೆ ನೀವು ಮುಂದಿನದನ್ನು ಓದುತ್ತೀರೋ ಇಲ್ಲವೋ ಎಂಬ ಭಯ ನನಗೆ. ಭಯಪಡುವುದು ನನ್ನ ಹುಟ್ಟುಗುಣ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಮನುಷ್ಯ ನಾನು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ತಪ್ಪುಗಳಿದ್ದರೆ ಈ ಪತ್ರಿಕೆಯವರು ತಿದ್ದಿಕೊಳ್ಳುತ್ತೇವೆ ಎಂದಿದ್ದಾರೆ. ಸಿಟ್ಟನ್ನು ಮಾತ್ರ ತಿದ್ದಬೇಡಿ ಎಂದು ಅವರಿಗೆ ಹೇಳಿದ್ದೇನೆ.

ಕಳೆದ ವಾರ ನನ್ನ ಟೈರ್ ಅಂಗಡಿಗೆ ಒಂದು ಫೋನ್ ಬಂತು. ಇನ್ನೊಂದು ದೊಡ್ಡ ತಂಡದ ಮನುಷ್ಯ. ಒಳ್ಳೆಯ ಮಾತಿನವನು.

"ಸಾರ್, ನಿಮ್ಮ ಅಳಿಯ ಡೆಸ್ಮಂಡ್ ಬ್ಯಾಟ್ ಬೀಸೋ ರೀತಿ ನಮ್ಮವರಿಗೆ ಇಷ್ಟ ಆಗಿದೆ. ಈ ವಸಂತದ ಶಿಬಿರಕ್ಕೆ ಕರೆಯೋಣ ಅಂತಿದೀವಿ. ಆದ್ರೆ... ತಪ್ಪು ತಿಳ್ಕೋಬೇಡಿ. ತಂಡದಿಂದ ತೆಗೆದಿದೀವಿ ಅಂತ ಹೇಳಿದಾಗ ನಕ್ಕನಂತೆ. ಹೇಳಿದವರನ್ನ ತಬ್ಬಿಕೊಂಡನಂತೆ. ಹೌದಾ?"

"ಯಾರ್ರೀ ಹೇಳಿದ್ದು?"

"ಅವನ ಹಳೇ ಕಚೇರಿಯವರೇ. ಮನಸ್ಸು ಸರಿ ಇಲ್ಲ, ನೋಡ್ಕೊಳ್ಳಿ ಅಂದ್ರು."

ನಾನು ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದೆ. ಆತ ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ಸಾರ್, ನಾನು ನಂಬ್ತೀನಿ. ಆದ್ರೆ ನಮ್ಮ ಆಫೀಸಲ್ಲಿ ಮಾವನ ಸರ್ಟಿಫಿಕೇಟು ನಡೆಯಲ್ಲ. ಆ ಕಚೇರಿಯವರೇ ಒಂದು ಮಾತು ಸರಿಯಾಗಿ ಹೇಳಿದ್ರೆ ಸಾಕು. ಫೆಬ್ರವರಿ ಶುರುವಾಗೋದ್ರೊಳಗೆ ಹೇಳ್ಸಿ," ಎಂದ.

ನಿಮಗೆ ಆಮೇಲೆ ಫೋನ್ ಮಾಡಿದೆ. ನಿಮ್ಮ ಕಚೇರಿಯ ಹುಡುಗಿ ಸ್ವಲ್ಪ ಕಾಯಿರಿ ಎಂದು ಸಂಗೀತ ಕೇಳಿಸಿದಳು. ಮರುದಿನವೂ ಅದೇ ಸಂಗೀತ. ಅದಕ್ಕೇ ಈ ಬಹಿರಂಗ ಪತ್ರ. ಅವನು ಯಾಕೆ ನಕ್ಕ ಎಂದು ನಮ್ಮ ಇಡೀ ಕಣಿವೆ ಓದಲಿ.

ಡೆಸ್ ಅಲಬಾಮಾದ ಹುಡುಗ. ನಮ್ಮ ಊರಿನ ಬೇಸ್‌ಬಾಲ್ ತಂಡಕ್ಕೆ, ಅಂದರೆ ನಿಮ್ಮ ಏಣಿಯ ಕೊನೆಯ ಮೆಟ್ಟಿಲಿಗೆ, ನಾಲ್ಕು ಬೇಸಿಗೆಗಳ ಹಿಂದೆ ಬಂದ. ಮೈದಾನದಲ್ಲಿ ಎರಡನೇ ಬೇಸ್ ಎಂಬ ಮೂಲೆ ಕಾಯುತ್ತಿದ್ದ. ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ಎರಡನೇ ವರ್ಷ ನನ್ನ ಮಗಳು ಮಾರ್ಸಿಯನ್ನು ಮದುವೆಯಾದ. ಆಟಗಾರನಿಗೆ ಹೆಣ್ಣು ಕೊಡಬಾರದು, ಇವತ್ತು ಇಲ್ಲಿ ನಾಳೆ ಎಲ್ಲೋ ಎಂದು ನಾನು ಹೆದರಿದ್ದೆ. ಹೆದರಿಕೆ ಎಂಥ ದಂಡ ನೋಡಿ! ನಿಮ್ಮ ದಯೆಯಿಂದ ಅವನು ಎಲ್ಲಿಗೂ ಹೋಗಲೇ ಇಲ್ಲ. ಅಷ್ಟು ಭದ್ರವಾದ ಅಳಿಯ ಅಂಚೆ ಇಲಾಖೆಯಲ್ಲಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಪ್ರತಿ ವರ್ಷ ಚೆನ್ನಾಗಿ ಹೊಡೆದ. ಪ್ರತಿ ವರ್ಷ ಶಿಬಿರ ಮುಗಿದಾಗ ನಿಮ್ಮಿಂದ ಅದೇ ಮಾತು: ಇನ್ನೂ ಹದಕ್ಕೆ ಬಂದಿಲ್ಲ. ಒಂದು ವರ್ಷ ಕಾಲಿನ ಚಲನೆ ಸರಿಯಿಲ್ಲ ಎಂದಿರಿ. ಅವನು ಚಳಿಗಾಲವೆಲ್ಲ ಚರ್ಚಿನ ಹಾಲ್‌ನಲ್ಲಿ ಕುರ್ಚಿಗಳನ್ನು ಸರಿಸಿ ಕಾಲಾಡಿಸುವುದನ್ನು ಕಲಿತ. ಮುಂದಿನ ವರ್ಷ ಕಾಲು ಸರಿಯಾಗಿದೆ, ತಾಳ್ಮೆ ಸಾಲದು ಎಂದಿರಿ. ತಾಳ್ಮೆ! ನಾಲ್ಕು ವರ್ಷ ಒಂದೇ ಬಾಗಿಲ ಮುಂದೆ ನಿಂತವನಿಗೆ! ಮಾನ್ಯರೇ, ನಿಮ್ಮ ಹಲ್ಲು ನೋಯಲಿ. ನೀವು ದವಡೆ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡಿ. ಅವರು ಬಾಯಿ ತೆರೆಸಿ ನೋಡಿ, "ಇನ್ನೂ ಹದಕ್ಕೆ ಬಂದಿಲ್ಲ, ಬರುವ ವಸಂತಕ್ಕೆ ಬನ್ನಿ" ಎನ್ನಲಿ. ನನಗೆ ಇದಕ್ಕಿಂತ ದೊಡ್ಡ ಆಸೆ ಇಲ್ಲ.

ಕಾಯಿಸಬಾರದು ಎಂದು ನಾನು ಹೇಳುತ್ತಿಲ್ಲ. ಎಲ್ಲರನ್ನೂ ಬೇಗ ಬೇಗ ಮೇಲೆ ಕಳಿಸಿ ಎಂದರೆ ಅದೂ ಪಾಪವೇ. ನಿಮ್ಮ ಕೀಗನ್‌ನನ್ನೇ ನೋಡಿ. ಹತ್ತೊಂಬತ್ತು ವರ್ಷದ ಹುಡುಗ, ನೀವು ಹಣದ ಮೂಟೆ ಸುರಿದು ತಂದವನು. ಜೂನ್‌ನಲ್ಲಿ ನಮ್ಮ ಊರಿಗೆ ಬಂದ, ಆಗಸ್ಟ್‌ನಲ್ಲಿ ಮೇಲಕ್ಕೆ ಎತ್ತಿದಿರಿ. ನಮ್ಮ ಊರಿನಲ್ಲಿ ಬ್ರೆಡ್ ಎಲ್ಲಿ ಸಿಗುತ್ತದೆ ಎಂದು ತಿಳಿಯುವಷ್ಟು ದಿನವೂ ಇರಲಿಲ್ಲ. ಮೇಲೆ ಹೋದವನು ತಿರುಗುವ ಚೆಂಡಿಗೆಲ್ಲ ಗಾಳಿಯಲ್ಲೇ ಬ್ಯಾಟ್ ಬೀಸಿ, ನಗೆಪಾಟಲಾಗಿ, ಸೆಪ್ಟೆಂಬರ್ ಮುಗಿಯುವ ಮೊದಲೇ ವಾಪಸ್ ಬಂದ. ನನ್ನ ಅಡುಗೆಮನೆಯಲ್ಲಿ ಕೂತು, ನನ್ನ ಹೆಂಡತಿ ಬಡಿಸಿದ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬನ್ನು ಫೋರ್ಕಿನಿಂದ ಚುಚ್ಚುತ್ತಾ, "ಸಾರ್, ಅವರು ಎಸೆಯೋ ಚೆಂಡು ನಂಗೆ ಕಾಣೋದೇ ಇಲ್ಲ. ನಂಗೆ ಕಣ್ಣು ಹೋಗಿದ್ಯಾ?" ಎಂದು ಕೇಳಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಕಲಿಯುವುದು ಬಾಕಿ ಇದ್ದವನನ್ನು ಎತ್ತಿ ಒಗೆದಿರಿ. ಕಲಿತು ಮುಗಿಸಿದವನನ್ನು ಕೂರಿಸಿಬಿಟ್ಟಿರಿ. ಯಾರು ಸಿದ್ಧ ಎಂದು ನೀವು ನೋಡುವುದು ಮೈದಾನವನ್ನಲ್ಲ, ಯಾರಿಗೆ ಎಷ್ಟು ಸುರಿದಿದ್ದೇವೆ ಎಂಬುದನ್ನು. ಇದಕ್ಕೆ ಆಟಗಾರರ ಬೆಳವಣಿಗೆ ವಿಭಾಗ ಎಂದು ಹೆಸರು ಬೇರೆ!

ಈಗ ನಗುವಿನ ವಿಷಯ.

ನಿಮ್ಮ ಕೆಳಗಿನ ತಂಡಗಳಲ್ಲೆಲ್ಲ ಒಂದು ಪದ್ಧತಿ ಇದೆ. ಯಾರಿಗಾದರೂ ಮೇಲಿನಿಂದ ಕರೆ ಬಂದರೆ ಕೋಚ್ ಅವನನ್ನು ಕೋಣೆಗೆ ಕರೆಯುತ್ತಾನೆ. ಬಾಗಿಲು ಹಾಕುತ್ತಾನೆ. ಮುಖ ಜೋಲು ಹಾಕಿಕೊಂಡು ಒಂದು ಕೆಟ್ಟ ಸುದ್ದಿ ಹೇಳುತ್ತಾನೆ: ಬಸ್ಸಿನಲ್ಲಿ ಗಲಾಟೆ ಮಾಡಿದ್ದಕ್ಕೆ ದಂಡ ಬಿದ್ದಿದೆ, ನಿನ್ನನ್ನು ಮೆಕ್ಸಿಕೋದ ತಂಡಕ್ಕೆ ಮಾರಿದ್ದೇವೆ, ಹೀಗೆ ಬಾಯಿಗೆ ಬಂದದ್ದು. ಹುಡುಗ ಬಿಳಚಿಕೊಂಡ ಮೇಲೆ, "ಹೋಗೋ, ಮೇಲೆ ಕರೆದಿದ್ದಾರೆ!" ಎಂದು ಬೆನ್ನಿಗೆ ಹೊಡೆಯುತ್ತಾನೆ. ಹೊರಗೆ ಉಳಿದವರು ಅವನ ತಲೆಗೆ ಸುರಿಯಲು ಐಸ್ ನೀರಿನ ಬಕೆಟ್ ಹಿಡಿದು ಕಾಯುತ್ತಿರುತ್ತಾರೆ. ನಮ್ಮ ಊರಿನ ನಾಯಿಗೂ ಈ ನಾಟಕ ಗೊತ್ತು. ಕೀಗನ್‌ಗೂ ಮಾಡಿದರು. ಈ ತಮಾಷೆಯ ಚಿತ್ರ ತೆಗೆದು ನೀವೇ ಪ್ರಚಾರಕ್ಕೆ ಹಾಕುತ್ತೀರಿ, ಅಭಿಮಾನಿಗಳು ಕಣ್ಣೊರೆಸಿಕೊಂಡು ಟಿಕೆಟ್ ಕೊಳ್ಳುತ್ತಾರೆ.

ಕೀಗನ್ ವಾಪಸ್ ಬಂದ ವಾರ. ಮೇಲಿನ ತಂಡದಲ್ಲಿ ಎರಡನೇ ಬೇಸ್ ಕಾಯುವವನ ಮಣಿಕಟ್ಟು ಮುರಿಯಿತು ಎಂದು ಮಧ್ಯಾಹ್ನ ರೇಡಿಯೋದಲ್ಲಿ ಬಂತು. ಆ ಜಾಗಕ್ಕೆ ಡೆಸ್ ಬಿಟ್ಟು ಇನ್ಯಾರು? ಸಂಜೆ ಕೋಚ್ ಗಸ್ ಬ್ರೆನಿಗನ್ ಅವನನ್ನು ಕೋಣೆಗೆ ಕರೆದ. ಗಸ್ ಒಳ್ಳೆಯವನು, ಅವನ ಮೇಲೆ ನನಗೆ ದೂರಿಲ್ಲ. ಒಳಗೆ ನಡೆದದ್ದನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

"ಡೆಸ್, ಕೂತ್ಕೋ. ನಿನ್ನನ್ನ ಕೈಬಿಟ್ಟಿದಾರಪ್ಪ. ಆಫೀಸಿಂದ ಈಗ ಫೋನ್ ಬಂತು."

ಡೆಸ್ ನಕ್ಕ.

"ತಮಾಷೆ ಅಲ್ವೋ. ತಂಡದಿಂದ ತೆಗೆದಿದಾರೆ."

"ಅಬ್ಬಾ ಗಸ್, ಏನು ನಟನೆ ಮಾರಾಯ! ಕಣ್ಣಲ್ಲಿ ನೀರು ಬೇರೆ ತಂದ್ಕೊಂಡಿದೀಯ!"

ಎದ್ದು ಗಸ್‌ನನ್ನು ತಬ್ಬಿಕೊಂಡ. ಗಸ್ ಇನ್ನೊಮ್ಮೆ ಹೇಳುವಷ್ಟರಲ್ಲಿ ಅವನು ಬಾಗಿಲಿಗೆ ಓಡಿದ್ದ. ಬಾಗಿಲು ತೆರೆದರೆ ಹುಡುಗರು ಬಕೆಟ್ ಸುರಿದರು. ಅವರೂ ರೇಡಿಯೋ ಕೇಳಿದ್ದರು. ತೊಯ್ದ ಬಟ್ಟೆಯಲ್ಲೇ ನನಗೆ ಫೋನ್ ಮಾಡಿದ. "ಮಾವ, ಹೊರಟೆ! ಮಾರ್ಸಿಗೆ ಸೂಟ್‌ಕೇಸ್ ತೆಗೆಯೋಕೆ ಹೇಳಿ!"

ನಾನು ಅಂಗಡಿ ಮುಚ್ಚಿದೆ. ರಸ್ತೆ ಬದಿಯ ಫಲಕದಲ್ಲಿ ಟೈರಿನ ರಿಯಾಯಿತಿಯ ಅಕ್ಷರಗಳನ್ನು ಕಿತ್ತು, ನಮ್ಮ ಡೆಸ್ ಮೇಲಕ್ಕೆ ಹೋದ ಎಂದು ಜೋಡಿಸಿದೆ. ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಅಡುಗೆ ಮಾಡುವ ಹೆಂಗಸರು ತಟ್ಟೆ ತಟ್ಟೆ ಪಿರೋಗಿ ತಂದರು. ಹೆಂಡತಿ, "ಏನ್ರೀ, ಇವತ್ತು ಒಂದು ಸಲಾನೂ 'ಏನಾದ್ರೂ ಆದ್ರೆ' ಅನ್ಲಿಲ್ವಲ್ಲ, ಜ್ವರ ಬಂದಿದ್ಯಾ?" ಎಂದು ಹಣೆ ಮುಟ್ಟಿ ನೋಡಿದಳು. ನಿಜ, ಅಂದು ನಾನು ಯಾವುದಕ್ಕೂ ಹೆದರಲಿಲ್ಲ. ಒಂದೇ ಒಂದು ಸಂಜೆ, ಮಾನ್ಯರೇ.

ಆಮೇಲೆ ಗಸ್ ಬಂದ. ಟೋಪಿ ಕೈಯಲ್ಲಿ ಹಿಡಿದು ಜಗುಲಿಯ ಮೇಲೆ ನಿಂತ. ಡೆಸ್ ಅವನನ್ನು ನೋಡಿ ಮತ್ತೆ ನಕ್ಕ. "ಮನೇವರೆಗೂ ಬಂದ್ಯಾ ನಾಟಕ ಮುಂದುವರಿಸೋಕೆ? ಸಾಕು ಮಾರಾಯ, ಗೆದ್ದೆ ನೀನು, ಒಳಗೆ ಬಾ."

ಗಸ್ ಒಳಗೆ ಬರಲಿಲ್ಲ. ನಗುವುದನ್ನು ಮೊದಲು ನಿಲ್ಲಿಸಿದವಳು ಮಾರ್ಸಿ. ಮಡಿಸಿದ ಅಂಗಿ ಕೈಯಲ್ಲಿತ್ತು. "ಡೆಸ್," ಎಂದಳು, "ಅವರ ಮುಖ ನೋಡು." ಅವನು ನೋಡಿದ. ಮುರಿದ ಮಣಿಕಟ್ಟಿನ ಜಾಗಕ್ಕೆ ಮತ್ತೆ ಕೀಗನ್‌ನನ್ನೇ ಕರೆದಿದ್ದೀರಿ ಎಂದು ಗಸ್ ಹೇಳಿದ. ಅಂಗಳದಲ್ಲಿ ತಟ್ಟೆ ಹಿಡಿದು ನಿಂತ ಹೆಂಗಸರು ಯಾರ ಕಡೆ ನೋಡಬೇಕೆಂದು ತಿಳಿಯದೆ ಪಿರೋಗಿಗಳನ್ನು ನೋಡುತ್ತಿದ್ದರು. ಕೀಗನ್‌ಗೂ ನೀವು ಒಳ್ಳೆಯದು ಮಾಡಲಿಲ್ಲ, ಕಣ್ಣು ಹೋಗಿದೆ ಎಂದು ಹೆದರಿದ್ದ ಹುಡುಗನನ್ನು ಅದೇ ಚೆಂಡಿನ ಮುಂದೆ ಮತ್ತೆ ನಿಲ್ಲಿಸಿದಿರಿ.

ಹೇಳಿ, ಅಂದು ಯಾರ ಮನಸ್ಸು ಸ್ಥಿಮಿತದಲ್ಲಿರಲಿಲ್ಲ? ಒಳ್ಳೆಯ ಸುದ್ದಿಯನ್ನು ಕೆಟ್ಟದ್ದೆಂದು ಹೇಳುವ ಪದ್ಧತಿಯನ್ನು ವರ್ಷವರ್ಷ ಅವನ ಕಣ್ಣೆದುರೇ ನಡೆಸಿದವರು ನೀವು. ಬಡ್ತಿಗೆ ಅರ್ಹನಾದವನನ್ನು ಅವನು ನಿರೀಕ್ಷಿಸಲೇಬೇಕಾದ ದಿನದಂದೇ ಕಿತ್ತುಹಾಕಿದವರೂ ನೀವು. ಅವನು ನಗದೆ ಏನು ಮಾಡಬೇಕಿತ್ತು? ನಕ್ಕದ್ದು ಹುಚ್ಚಲ್ಲ, ನಿಮ್ಮ ಮೇಲಿನ ನಂಬಿಕೆ. ಅದನ್ನೇ ಈಗ ಅವನ ಮೇಲಿನ ಆಪಾದನೆ ಮಾಡಿ ಇನ್ನೊಂದು ಬಾಗಿಲನ್ನೂ ಮುಚ್ಚಿಸುತ್ತಿದ್ದೀರಿ. ಏಕೆ? ಅವನು ಅಲ್ಲಿಗೆ ಹೋಗಿ ಚೆನ್ನಾಗಿ ಹೊಡೆದರೆ ನಾಲ್ಕು ವರ್ಷ ನೀವು ಕುರುಡರಾಗಿದ್ದಿರಿ ಎಂದು ಎಲ್ಲರಿಗೂ ತಿಳಿಯುತ್ತದೆ, ಅದಕ್ಕೆ ತಾನೆ?

ಈಗ ಅವನು ನನ್ನ ಅಂಗಡಿಯಲ್ಲಿ ಟೈರ್ ಬಿಚ್ಚುತ್ತಾನೆ. ನನಗೆ ಫೋನ್ ಮಾಡಿದ ಆ ದೊಡ್ಡ ತಂಡದ ಮನುಷ್ಯ ಮೊದಲು ಅವನಿಗೇ ಮಾಡಿದ್ದನಂತೆ. "ಶಿಬಿರಕ್ಕೆ ಬರ್ತೀಯಾ?" ಎಂದರೆ, "ಯಾರಪ್ಪ ನೀನು, ಹುಡುಗರು ಹೇಳಿಕೊಟ್ರಾ?" ಎಂದು ಇಟ್ಟುಬಿಟ್ಟ. ಒಳ್ಳೆಯ ಸುದ್ದಿ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವುದನ್ನೇ ಅವನಿಂದ ಕಿತ್ತುಕೊಂಡಿದ್ದೀರಿ. ಮಾರ್ಸಿ ಮಾತನಾಡಿಸಿದರೂ ಅವಳ ಮುಖವನ್ನು ಒಂದು ಕ್ಷಣ ಪರೀಕ್ಷಿಸಿ ಆಮೇಲೆ ಉತ್ತರ ಕೊಡುತ್ತಾನೆ.

ಆದ್ದರಿಂದ ನನ್ನ ಬೇಡಿಕೆ. ಬೇಡಿಕೆಯೇ, ವಿನಂತಿ ಅಲ್ಲ. ಈ ತಿಂಗಳು ಮುಗಿಯುವ ಮೊದಲು ನೀವು, ನಿಮ್ಮ ಗುಮಾಸ್ತರಲ್ಲ, ನೀವು, ಆ ತಂಡದ ಮನುಷ್ಯನಿಗೆ ಫೋನ್ ಮಾಡಿ. ಡೆಸ್ಮಂಡ್ ಏಕೆ ನಕ್ಕ ಎಂದು ಇಲ್ಲಿ ಬರೆದಂತೆಯೇ ಹೇಳಿ. ನಾವು ಹೇಳಿದ್ದು ತಪ್ಪು ಎಂದು ಸೇರಿಸಿ. ಅಷ್ಟೇ. ಕ್ಷಮೆ ಬೇಡ, ನೀವು ಪುಕ್ಕಟೆ ಹಂಚುವ ತಂಡದ ಟೋಪಿ ಬೇಡ.

ಮಾಡದಿದ್ದರೆ ಕೇಳಿ. ಮೈದಾನ ನಮ್ಮ ಊರಿನದು. ಹೊಸ ದೀಪ, ಹೊಸ ಕೋಣೆ ಕಟ್ಟಿಸಿಕೊಡದಿದ್ದರೆ ತಂಡವನ್ನು ಬೇರೆ ಊರಿಗೆ ಒಯ್ಯುತ್ತೇವೆ ಎಂದು ನೀವು ಹೆದರಿಸಿದ್ದೀರಿ. ಅದಕ್ಕೆ ಹಣ ಕೊಡಬೇಕೋ ಬೇಡವೋ ಎಂದು ವಸಂತದಲ್ಲಿ ಊರು ಮತ ಹಾಕುತ್ತದೆ. ಈ ಹಿಮದಲ್ಲಿ ಕಾರು ಇರುವವರೆಲ್ಲ ನನ್ನ ಅಂಗಡಿಗೆ ಬರುತ್ತಾರೆ. ಟೈರ್ ಬಿಚ್ಚಿಟ್ಟ ಮೇಲೆ ಎಲ್ಲಿಗೆ ಹೋಗುತ್ತಾರೆ? ಕೂತು ನನ್ನ ಮಾತು ಕೇಳಲೇಬೇಕು. ಬೇಡ ಎಂದೇ ಮತ ಹಾಕಿ ಎಂದು ಒಬ್ಬೊಬ್ಬರಿಗೂ ಹೇಳುತ್ತೇನೆ. ತಂಡ ಹೋದರೆ ಊರಿಗೆ ನಷ್ಟವೇ, ನನಗೆ ಗೊತ್ತು, ಅದಕ್ಕೂ ನಿದ್ದೆ ಬರುತ್ತಿಲ್ಲ. ಆದರೂ ಹೇಳುತ್ತೇನೆ. ನೀವು ಕತ್ತಲ ಮೈದಾನದಲ್ಲಿ ನಿಂತು ನಿಮ್ಮ ಕೀಗನ್‌ಗಳನ್ನು ಬೆಳೆಸಿಕೊಳ್ಳಿ.

ನೀವು ಫೋನ್ ಮಾಡಿದರೆ ಆ ಮನುಷ್ಯ ಡೆಸ್‌ಗೆ ಇನ್ನೊಮ್ಮೆ ಫೋನ್ ಮಾಡುತ್ತಾನೆ. ಡೆಸ್ ಖಂಡಿತ ನಂಬುವುದಿಲ್ಲ. ಅವನನ್ನು ನಂಬಿಸಿ ಬಸ್ ಹತ್ತಿಸುವುದು ನಮ್ಮ ಪಾಡು. ನಿಮ್ಮ ಪಾಲಿನ ಕೆಲಸ ಒಂದೇ, ಅದನ್ನು ಮಾಡಿ.

ಇಂತಿ,
ನಿಮ್ಮ ತಂಡದ ಹೆಸರಿರುವ ಕೋಟನ್ನು ಸುಟ್ಟುಹಾಕಲು ಮನಸ್ಸು ಬಾರದೆ ಒಳಮೈ ಹೊರಮಾಡಿ ತೊಡುತ್ತಿರುವ
ಸ್ಟಾನ್ ವೊಯ್ಟೆಕ್
ಟೈರ್ ಅಂಗಡಿ, ಹೆರನ್ ಗ್ಯಾಪ್, ಪೆನ್ಸಿಲ್ವೇನಿಯಾ