ಒಂದೇ ಹೆಸರಿನ ಇಬ್ಬರು

ಪೈನಿ ಫೋರ್ಕ್, ಟಾಲ್ಬರ್ಟ್ ಕೌಂಟಿ
ಆರ್ಕನ್ಸಾ
ಮೇ ಒಂದು, ಬುಧವಾರ

ಮುದ್ದು ಡ್ಯೂಯಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಕ್ರಿಸ್ಮಸ್ ಕಾರ್ಡಿನಲ್ಲಿ ಬರೆದಿದ್ದೆಯಲ್ಲ, ಆ ಕೆಳದವಡೆಯ ಹಲ್ಲು ತೋರಿಸಿಕೊಂಡೆಯಾ, ಇಲ್ಲ ಇನ್ನೂ ಲವಂಗದ ಎಣ್ಣೆ ಹಚ್ಚಿಕೊಂಡೇ ದಿನ ದೂಡುತ್ತಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ. ಟಲ್ಸಾದಂಥ ಊರಿನಲ್ಲಿ ನಿನಗೆ ಬೀನ್ಸ್ ಬೇಯಿಸಿ, ಜೋಳದ ರೊಟ್ಟಿ ಸುಟ್ಟುಕೊಡುವವರು ಯಾರಿದ್ದಾರೆ. ನಾವು ಚೆನ್ನಾಗಿದ್ದೇವೆ. ನನ್ನ ಬಿಪಿ ಹೇಳಿದ ಮಾತು ಕೇಳುತ್ತಿದೆ. ನಿಮ್ಮಪ್ಪನ ಮೊಣಕಾಲು ಮಾತ್ರ ಅವರ ಹಾಗೆಯೇ, ಯಾರ ಮಾತನ್ನೂ ಕೇಳುವುದಿಲ್ಲ. ಕುರ್ಚಿಯಿಂದ ಏಳುವುದಕ್ಕೆ ಮುಂಚೆ ಐದು ನಿಮಿಷ ಅದರ ಜೊತೆ ಮಾತುಕತೆ ನಡೆಸುತ್ತಾರೆ. ಟೊಮೇಟೊ ಸಸಿ ನೆಟ್ಟಾಯಿತು. ಹೋದ ವಾರ ಬಿರುಗಾಳಿಯ ಸೈರನ್ ಕೂಗಿತು, ಆದರೆ ಕೋಳಿಗೂಡಿನ ಒಂದು ತಗಡು ಬಿಟ್ಟರೆ ಬೇರೇನೂ ಹಾರಲಿಲ್ಲ.

ಈ ವಿಳಾಸ ಅಮ್ಮನಿಗೆ ಎಲ್ಲಿ ಸಿಕ್ಕಿತು ಎಂದು ಯೋಚಿಸುತ್ತಿರಬೇಕು ನೀನು. ಜೈಲಿನಲ್ಲಿ ಸಿಕ್ಕಿತಪ್ಪ. ಹೆತ್ತವಳಿಗೆ ಕೊಡದ ವಿಳಾಸವನ್ನು ಶೆರಿಫನ ಪೊಲೀಸರಿಗೆ ಕೊಟ್ಟಿದ್ದೆಯಲ್ಲ, ಪುಣ್ಯಾತ್ಮ. ಬೈಯುವುದಕ್ಕೆ ಬರೆಯುತ್ತಿಲ್ಲ, ಕೂತುಕೊಂಡು ಓದು.

ಮಾರ್ಚಿನಲ್ಲಿ ಒಂದು ಗುರುವಾರ ಎಂದಿನಂತೆ ವಾರಪತ್ರಿಕೆ ಬಂತು. ನಮ್ಮೂರಲ್ಲಿ ಅದನ್ನು ಓದುವ ಕ್ರಮ ನಿನಗೆ ಗೊತ್ತೇ ಇದೆ. ಮೊದಲು ಸತ್ತವರು, ಆಮೇಲೆ ಸಿಕ್ಕಿಬಿದ್ದವರು, ಹೊತ್ತು ಉಳಿದರೆ ಮಿಕ್ಕ ಸುದ್ದಿ. ಸತ್ತವರಲ್ಲಿ ನಮ್ಮವರು ಯಾರೂ ಇರಲಿಲ್ಲ ಎಂದು ಸಮಾಧಾನಪಟ್ಟುಕೊಂಡು ಕಣ್ಣು ಕೆಳಗಿಳಿಸಿದರೆ, ಸಿಕ್ಕಿಬಿದ್ದವರಲ್ಲಿ ಹಾರ್ಲನ್ ಡ್ಯೂಯಿ ಸ್ಟ್ರೌಡ್, ಶನಿವಾರ ರಾತ್ರಿ ಕುಡಿದು ಗಾಡಿ ಓಡಿಸಿದ್ದು. ವಯಸ್ಸಿಲ್ಲ, ಊರಿಲ್ಲ, ಹೆಸರು, ದಿನ, ತಪ್ಪು ಅಷ್ಟೇ. ಪಕ್ಕದ ಕೌಂಟಿಯವರು ಫೋಟೋ ಸಮೇತ ಕಂಪ್ಯೂಟರಿನಲ್ಲಿ ಹಾಕುತ್ತಾರಂತೆ, ನಮ್ಮ ಶೆರಿಫನಿಗೆ ಆ ಖರ್ಚು ಬೇಡವಂತೆ. ಆ ಶನಿವಾರ ರಾತ್ರಿ ನಿಮ್ಮಪ್ಪ ನನ್ನೆದುರೇ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಆ ಹೆಸರಿನವರು ಭೂಮಿಯ ಮೇಲೆ ಇರುವುದು ಇಬ್ಬರೇ, ಅವರು ಮತ್ತು ನೀನು.

ಆದರೆ ಊರಿನವರಿಗೆ ನೀನು ಬರೀ ಡ್ಯೂಯಿ. ಊರು ಬಿಟ್ಟು ಹತ್ತು ವರ್ಷವಾಯಿತು, ಆ ಪೂರ್ತಿ ಹೆಸರು ನಿನಗೂ ಇದೆ ಎಂದು ಯಾರು ನೆನಪಿಟ್ಟಿದ್ದಾರೆ? ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವ ನಿಮ್ಮಪ್ಪನನ್ನು ಎಲ್ಲರೂ ಒಂದೇ ದಿನದಲ್ಲಿ ಕುಡುಕ ಮಾಡಿಬಿಟ್ಟರು. ಹಾಲು ಕುಡಿದರೂ ಈಚಲಮರದ ಕೆಳಗೆ ಕುಡಿಯಬಾರದು ಅನ್ನುತ್ತಾರೆ, ಪಾಪ ಇವರು ಮರದ ಹತ್ತಿರವೂ ಹೋಗಿರಲಿಲ್ಲ.

ಪತ್ರಿಕೆಯವರಿಂದ ತಿದ್ದುಪಡಿ ಹಾಕಿಸೋಣ, ಅದಕ್ಕೆ ಬಂಧನದ ದಾಖಲೆ ಬೇಕಲ್ಲ ಎಂದು ಸೋಮವಾರ ಕೋರ್ಟಿನ ಹಿಂದಿನ ಜೈಲಿಗೆ ಹೋದೆ. ಕಿಟಕಿಯಲ್ಲಿ ಕೂರುವವಳು ನಮ್ಮ ವಿಲ್ಡಾ. ಪ್ರತಿ ಮಂಗಳವಾರ ನನ್ನ ಪಕ್ಕದಲ್ಲೇ ಕೂತು ಕೌದಿ ಹೊಲಿಯುವವಳು, ಅಲ್ಲಿ ಗಾಜಿನ ಹಿಂದೆ ನನ್ನ ಗುರುತೇ ಇಲ್ಲದವಳ ಹಾಗೆ, "ಯಾರ ಹೆಸರು ಮೇಡಂ?" ಅಂದಳು. ನಾನೂ ಬಿಗಿಯಾಗಿ ನನ್ನ ಗಂಡನ ಹೆಸರು ಹೇಳಿದೆ. ಯಾಕೆ ಬೇಕು, ಏನು ಸಂಬಂಧ ಎಂದು ಕೇಳುವ ಹಾಗಿಲ್ಲವಂತೆ, ಯಾರು ಬಂದು ಕೇಳಿದರೂ ಕೊಡಬೇಕಂತೆ. ಹಾಳೆ ಕೊಡುವಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಗಾಜಿಗೆ ಬಾಯಿ ಹತ್ತಿರ ತಂದು, "ಓಪಲ್, ಹುಟ್ಟಿದ ವರ್ಷ ನೋಡ್ಕೊಳೇ. ನಾನಂತೂ ಯಾರಿಗೂ ಹೇಳಿಲ್ಲ ಕಣೇ. ಕೇಳಿದ್ರೆ ಕೊಡ್ತೀನಿ, ಆದ್ರೆ ಒಬ್ರೂ ಕೇಳ್ಕೊಂಡು ಬಂದಿಲ್ಲ," ಅಂದಳು. ಈ ಊರಿನ ಸ್ವಭಾವವೇ ಅಷ್ಟು. ಅರ್ಧ ಮೈಲಿ ನಡೆದು ಕೇಳಿದರೆ ನಿಜ ಸಿಗುತ್ತದೆ, ಆದರೆ ಕಾಫಿ ಆರಿಹೋಗುತ್ತದಲ್ಲ.

ಗಾಡಿಯಲ್ಲಿ ಕೂತು ಓದಿದೆ. ಹುಟ್ಟಿದ ವರ್ಷ ನಿನ್ನದೇ, ಅದರ ಕೆಳಗೆ ಟಲ್ಸಾದ ಈ ವಿಳಾಸ. ಗಾಡಿಯನ್ನು ಚರಂಡಿಗೆ ಇಳಿಸಿದ್ದೀಯ, ಯಾರಿಗೂ ಪೆಟ್ಟಾಗಿಲ್ಲ, ಮಾರನೆಯ ದಿನ ಜಾಮೀನಿನ ಮೇಲೆ ಬಿಟ್ಟಿದ್ದಾರೆ. ನಮ್ಮ ರಸ್ತೆಯಲ್ಲೇ ಗಾಡಿ ಉತ್ತರಕ್ಕೆ ಹೋಗುತ್ತಿತ್ತು ಎಂದೂ ಬರೆದಿದ್ದರು. ಆ ರಸ್ತೆಯಲ್ಲಿ ಉತ್ತರಕ್ಕೆ ಇರುವುದು ಸ್ಮಶಾನ ಮತ್ತು ನಮ್ಮ ಮನೆ. ಮನೆಗೆ ಬರುತ್ತಿದ್ದೆ ನೀನು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇಕೆ.

ಮನೆಗೆ ಬಂದು ಹಾಳೆಯನ್ನು ನಿಮ್ಮಪ್ಪನ ಮುಂದಿಟ್ಟೆ, ನಾಳೆಯೇ ಪತ್ರಿಕೆಯ ಆಫೀಸಿಗೆ ಹೋಗುತ್ತೇನೆ ಅಂದೆ. ಅವರು ಓದಿ, ಕನ್ನಡಕ ತೆಗೆದು, ಹಾಳೆಯನ್ನು ನಾಲ್ಕು ಮಡಿಕೆ ಮಡಚಿದರು. ಆಮೇಲೆ, "ಬಿಡೇ ಓಪಲ್. ನಂದೇನು, ಮುಗೀತಾ ಬಂತು. ಅವನು ಬಾಳಿ ಬದುಕಬೇಕಾದೋನು. ಯಾವತ್ತಾದ್ರೂ ಈ ಊರಿಗೆ ಬಂದಾಗ ತಲೆ ಎತ್ಕೊಂಡು ಬರ್ಲಿ," ಅಂದರು. ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಅವರ ಆ ದನಿ ನನಗೆ ಗೊತ್ತು. ಪತ್ರಿಕೆಯ ಆಫೀಸಿಗೆ ಹೋಗಲಿಲ್ಲ.

ಅಂದಿನಿಂದ ಗೊಬ್ಬರದಂಗಡಿಯ ಕಾಫಿ ಮೇಜಿಗೆ ಇವರು ಹೋದರೆ ಮಾತು ನಿಲ್ಲುತ್ತದೆ. ಚರ್ಚಿನ ಹಿರಿಯ ಕ್ಲೋವಿಸ್ ಮನೆಗೆ ಬಂದು, ಸ್ವಲ್ಪ ದಿನ ಭಾನುವಾರದ ಹಾಡನ್ನು ನಿಮ್ಮಪ್ಪ ಎತ್ತಿಕೊಡುವುದು ಬೇಡ ಅಂದರು. ಕ್ಲೋವಿಸ್, "ನೀನೇನೂ ಹೇಳಲ್ವಾ ಹಾರ್ಲನ್?" ಅಂದರೆ ಇವರು, "ನೀನೇನೂ ಕೇಳಿಲ್ವಲ್ಲ," ಅಂದರು. ಈಗ ಕ್ಲೋವಿಸ್ ತಾವೇ ಹಾಡು ಎತ್ತುತ್ತಾರೆ. ಪಿಯಾನೊ ಇಲ್ಲದ ಚರ್ಚು ನಮ್ಮದು, ಅವರು ಹಿಡಿಯುವ ಶ್ರುತಿಗೆ ಹೆಂಗಸರೆಲ್ಲ ಕೊಕ್ಕರೆಯ ಹಾಗೆ ಕತ್ತು ಚಾಚಬೇಕು. ಅವರ ಹೆಂಡತಿ ಪೀಚ್ ಹಣ್ಣಿನ ಕಡುಬಿನ ಜೊತೆ ಕುಡಿತ ಬಿಡುವುದು ಹೇಗೆ ಎನ್ನುವ ಕರಪತ್ರವನ್ನೂ ತಂದುಕೊಟ್ಟಳು. ನಿಮ್ಮಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, "ಚೆನ್ನಾಗಿ ಬರ್ದಿದಾರೆ," ಎಂದು ಬೈಬಲಿನೊಳಗೆ ಇಟ್ಟುಕೊಂಡರು. ನಿನಗಾಗಿ ಇರಬೇಕು.

ನಾಯಿ ಚೆನ್ನಾಗಿದೆ. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದೇನೆ. ಮೈ ಕಡೆ ನಿಗಾ ಇರಲಿ, ಹಲ್ಲು ಕೀಳಿಸಿಕೋ. ದೇವರು ನಿನ್ನ ಜೊತೆಗಿರಲಿ.

ನಿನ್ನ ಅಮ್ಮ
ಓಪಲ್

ಮರೆತಿದ್ದೆ: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹನ್ನೆರಡನೇ ತಾರೀಕು ಭಾನುವಾರ ನಿಮ್ಮಪ್ಪ ಚರ್ಚಿನಲ್ಲಿ ಎಲ್ಲರ ಎದುರು ಮುಂದೆ ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂದು ಹಿರಿಯರು ಹೇಳಿದ್ದಾರೆ, ಇವರು ಆಗಲಿ ಅಂದಿದ್ದಾರೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು, ಅದು ಸುಳ್ಳು ಹೇಳಿದಂತಲ್ಲ. ಅವತ್ತು ಬಾಯಿ ತೆರೆಯಲೇಬೇಕು. ಒಂದೋ ದೇವರ ಮುಂದೆ ಜೀವನದ ಮೊದಲ ಸುಳ್ಳು, ಇಲ್ಲವೇ ನಿನ್ನ ಹೆಸರು. ಏನು ಹೇಳುತ್ತೀರಿ ಎಂದು ಕೇಳಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ಅವತ್ತು ಅಮ್ಮಂದಿರ ದಿನ, ನನಗೆ ಕಾರ್ಡು ಬೇಡ. ತಪ್ಪೊಪ್ಪಿಕೊಳ್ಳುವವರು ಕೊನೆಯ ಹಾಡು ಶುರುವಾದಾಗ ಎದ್ದು ಮುಂದೆ ಹೋಗಬೇಕು, ಅದು ನಿನಗೆ ಗೊತ್ತೇ ಇದೆ. ನಾವು ಕೂರುವುದು ಈಗಲೂ ಎಡಗಡೆಯ ಮೂರನೇ ಬೆಂಚಿನಲ್ಲಿ. ಆದರೆ ಆ ಮೊಣಕಾಲಿನಲ್ಲಿ ಅವರು ಏಳುವುದಕ್ಕೆ ಬಹಳ ಹೊತ್ತು ಬೇಕು ಮಗ. ನೀನು ಬಾಗಿಲ ಹತ್ತಿರ ಕೂತಿದ್ದರೂ ಅವರಿಗಿಂತ ಮೊದಲೇ ಮುಂದೆ ಹೋಗಿ ನಿಲ್ಲಬಹುದು.