ಹತ್ತು ಸಣ್ಣ ತೂತು

ಮಾರ್ಚ್ 12, 2014, ಬುಧವಾರ

ಬೆಳಗಿನ ಟ್ರಿಪ್ ಮುಗಿಯಿತು. ರಸ್ತೆಯೆಲ್ಲ ಮಂಜುಗಡ್ಡೆ. ಬಸ್ಸು ಎರಡು ಸಲ ಜಾರಿತು. ಮಕ್ಕಳು ಖುಷಿಯಿಂದ ಕಿರುಚಿದರು, ನನಗೆ ಜೀವ ಬಾಯಿಗೆ ಬಂದಿತ್ತು. ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ, ಇವತ್ತಿಗೂ ಒಂದು ಗೀರು ಬಿದ್ದಿಲ್ಲ. ಬೇರೆ ಯಾರೂ ಹೊಗಳುವುದಿಲ್ಲವಾದ್ದರಿಂದ ನಾನೇ ಬರೆದಿಟ್ಟುಕೊಳ್ಳುತ್ತೇನೆ.

ಮಧ್ಯಾಹ್ನ ಮತ್ತೆ ವರ್ನ್‌ನ ಬಂದೂಕಿನ ಅಂಗಡಿ. ನಾಲ್ಕನೇ ಸಲ. ಅದೇ ಕಪ್ಪು ಸೆಮಿ-ಆಟೋಮ್ಯಾಟಿಕ್ ರೈಫಲ್. ಭುಜಕ್ಕೆ ಒರಗುವ ಹಿಂಭಾಗವನ್ನು ಬೇಕಾದಷ್ಟು ಉದ್ದ, ಗಿಡ್ಡ ಮಾಡಿಕೊಳ್ಳಬಹುದು. ಪೂರ್ತಿ ಗಿಡ್ಡ ಮಾಡಿ ಎತ್ತಿ ಹಿಡಿದೆ. ಕೂತಿತು! ಐದಡಿ ಒಂದಂಗುಲದ ಹೆಂಗಸಿನ ಭುಜಕ್ಕೆ, ಕೆನ್ನೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಅಪ್ಪನ ಮರದ ರೈಫಲ್ ಯಾವತ್ತೂ ನನಗೆ ಉದ್ದ. "ಬೆಳೆದ ಮೇಲೆ ಹೊಡಿಯುವಂತೆ ಬಿಡು" ಅನ್ನುತ್ತ ಅಪ್ಪ ನನ್ನ ತಮ್ಮ ಕೀತ್‌ನನ್ನು ಕರೆದುಕೊಂಡು ಹೋಗುತ್ತಿದ್ದ. ನನಗೀಗ ಐವತ್ತು. ಇನ್ನು ಬೆಳೆಯುವ ಲಕ್ಷಣ ಕಾಣಿಸುತ್ತಿಲ್ಲ.

ಮಾರ್ಚ್ 15, ಶನಿವಾರ

ಕೊಂಡೆ. ಕೊಂಡೇಬಿಟ್ಟೆ.

ಡ್ವೇನ್ ಜೊತೆಗೆ ಬಂದಿದ್ದ. ವರ್ನ್ ಕೌಂಟರಿನ ಆಚೆಯಿಂದ ನನ್ನ ಗಂಡನಿಗೇ ಎಲ್ಲ ವಿವರಿಸತೊಡಗಿದ. ತೂಕ ಇಷ್ಟು, ನಳಿಗೆ ಇಷ್ಟು ಉದ್ದ, ಮ್ಯಾಗಜಿನ್ ಹೀಗೆ.

"ನನ್ಗ್ಯಾಕಯ್ಯ ಹೇಳ್ತೀಯ?" ಅಂದ ಡ್ವೇನ್. "ನಾನು ಡ್ರೈವರ್ರು. ಗಿರಾಕಿ ಅವಳು."

"ಮನೇಲಿ ಬಸ್ಸೂ ಅವಳ್ದೇ, ಬಂದೂಕೂ ಅವಳ್ದೇ. ನಿಂದೇನಪ್ಪ ಹಾಗಾದ್ರೆ?"

"ಪಾತ್ರೆ!"

ಬಂದೂಕು ಕೊಳ್ಳುವವರ ಸರ್ಕಾರಿ ಫಾರ್ಮ್ ತುಂಬಿದೆ. ಕೋರ್ಟಿನಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೀರಾ? ಇಲ್ಲ. ಮಾದಕ ವಸ್ತು? ಇಲ್ಲ. ಒಂದೊಂದು 'ಇಲ್ಲ'ವನ್ನೂ ಎರಡೆರಡು ಸಲ ಓದಿದೆ, ಏನೂ ಮಾಡದವಳು. ವರ್ನ್ ತಪಾಸಣೆಯ ಕಚೇರಿಗೆ ಫೋನ್ ಮಾಡಿ ನನ್ನ ವಿವರ ಓದಿದ. ಹತ್ತು ನಿಮಿಷ. 1989ರಲ್ಲಿ ಕಾರು ಜೋರಾಗಿ ಓಡಿಸಿ ದಂಡ ಕಟ್ಟಿದ್ದು ನೆನಪಾಯಿತು. ಕೊನೆಗೆ ವರ್ನ್ ಹೆಬ್ಬೆರಳು ಎತ್ತಿದ. ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಬಂದೆ. ಡ್ವೇನ್ ಕೈ ಚಾಚಿದ — ಕೊಡಲಿಲ್ಲ.

ಮಾರ್ಚ್ 16, ಭಾನುವಾರ

ಅಪ್ಪನ ಮನೆಯಲ್ಲಿ ಊಟ. ಮಾಂಸ, ಗೆಡ್ಡೆ ತುಂಬಿದ ಪಾಸ್ಟಿ ಕಡುಬು ಮಾಡಿಕೊಂಡು ಹೋಗಿದ್ದೆ, ಅಪ್ಪನಿಗೆ ಬೇಕಾದ ಹಾಗೆ ಟರ್ನಿಪ್ ಗೆಡ್ಡೆ ಜಾಸ್ತಿ ಹಾಕಿ. ಊಟವಾದ ಮೇಲೆ ರೈಫಲ್ ತೆಗೆದು ತೋರಿಸಿದೆ. ಖಾಲಿ ಇದೆಯೆಂದು ಎರಡು ಸಲ ನೋಡಿ ಕೈಗೆ ತೆಗೆದುಕೊಂಡ. ಬೆರಳಿನಿಂದ ತಟ್ಟಿದ.

"ಪ್ಲಾಸ್ಟಿಕ್ಕು."

"ಹೂಂ ಅಪ್ಪ."

"ಮರ ಇಲ್ದೇ ಇರೋದು ರೈಫಲ್ಲಾ? ನಮ್ ಕಾಲದಲ್ಲಿ ಒಂದು ಗುಂಡು ಹೊಡದು, ಬೋಲ್ಟು ಎಳೆದು, ಉಸಿರು ತಗೊಂಡು ಇನ್ನೊಂದು. ನಡುವೆ ಯೋಚ್ನೆ ಮಾಡೋಕೆ ಟೈಮಿತ್ತು. ಇದ್ರಲ್ಲಿ ಕುದುರೆ ಎಳದ್ರೆ ಆಯ್ತು, ಮುಂದಿಂದು ತಾನೇ ಕೂತ್ಕೊಳತ್ತೆ. ಗುಂಡು ಹಾಳು ಮಾಡೋ ಮಿಷನ್ನು!"

ಎಪ್ಪತ್ತೊಂಬತ್ತು ವರ್ಷ, ನಾಲಿಗೆ ಮಾತ್ರ ಇನ್ನೂ ಹರಿತ. ಆದರೆ ಹಿಂದಕ್ಕೆ ಕೊಡುವ ಮುಂಚೆ ಒಂದು ಸಲ ಭುಜಕ್ಕಿಟ್ಟು ಗೋಡೆ ನೋಡಿದ. ನಾನು ನೋಡಲಿಲ್ಲ ಅಂದುಕೊಂಡಿದ್ದಾನೆ.

ಏಪ್ರಿಲ್ 26, ಶನಿವಾರ

ಕೊನೆಗೂ ಗುರಿ ಹೊಡೆಯುವ ರೇಂಜ್ ತೆರೆಯಿತು. ಮೂಲೆಗಳಲ್ಲಿ ಇನ್ನೂ ಮೊಣಕಾಲುದ್ದ ಹಿಮ. ಮೊದಲ ಗುಂಡು — ಭುಜಕ್ಕೆ ಒದೆಯೇ ಇಲ್ಲ, ಯಾರೋ ಸ್ನೇಹದಿಂದ ತಳ್ಳಿದ ಹಾಗೆ. ಗುಂಡಿನ ಖಾಲಿ ಕೋಶ ಬಲಕ್ಕೆ ಚಿಮ್ಮಿತು. ಐದು ಗುಂಡು, ನೂರು ಗಜ. ನಡೆದುಹೋಗಿ ನೋಡಿದೆ. ಐದೂ ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ! ಗುರಿಯ ಕಾಗದ ಕಿತ್ತುಕೊಂಡು ಬಂದು ಫ್ರಿಜ್ಜಿಗೆ ಅಂಟಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ. ನನಗೆ ಜಿಂಕೆ ಬೇಡ, ಕರಡಿ ಬೇಡ. ಕಾಗದದಲ್ಲಿ ತೂತು ಮಾಡುವುದೇ ಸಾಕು.

ಜೂನ್ 18

ಮೇ ಪೂರ್ತಿ ಬರೆಯಲಿಲ್ಲ. ಹೊಡೆಯುತ್ತಿದ್ದೆ.

ಶಾಲೆಗೆ ರಜೆ ಬಂತು. ವಾರಕ್ಕೆ ಮೂರು ದಿನ ರೇಂಜ್. ಮಿಕ್ಕ ದಿನ ನಡುಮನೆಯಲ್ಲಿ ಚಾಪೆ ಹಾಸಿ, ಮಲಗಿ, ಖಾಲಿ ರೈಫಲಿನಿಂದ ಅಭ್ಯಾಸ. ಡ್ವೇನ್ ನನ್ನನ್ನು ದಾಟಿಕೊಂಡು ಟಿವಿಗೆ ಹೋಗುತ್ತಾನೆ. "ಯುದ್ಧ ಯಾವಾಗ ಶುರು ಕಣೇ? ಸ್ವಲ್ಪ ಮೊದ್ಲೇ ಹೇಳು, ಹುಲ್ಲು ಕತ್ತರಿಸೋದು ಬಿಡ್ತೀನಿ."

ಜುಲೈ 11, ಶುಕ್ರವಾರ

ನಾಳೆ ಕ್ಲಬ್ಬಿನ ಪಂದ್ಯ. ಹೆಸರು ಕೊಟ್ಟಿದ್ದೇನೆ. ಹತ್ತು ಗುಂಡು, ಎಪ್ಪತ್ತು ಸೆಕೆಂಡು, ನೂರಕ್ಕೆ ಎಷ್ಟು ಬರುತ್ತದೋ ಅಷ್ಟು. ತೊಂಬತ್ತೈದು ದಾಟಿದವರ ಹೆಸರನ್ನು ಕ್ಲಬ್ಬಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಅಲ್ಲಿ ಅಪ್ಪನ ಹೆಸರು, 'ರೈನೋ ಲಹ್ತಿ', ಹದಿನಾಲ್ಕು ಸಲ ಇದೆ. ಅಪ್ಪನ ಅತಿ ಹೆಚ್ಚು, 97. ಕೀತ್ ಒಂದು ಸಲವೂ ಇಲ್ಲ.

ಅಪ್ಪನೂ ಹೊಡೆಯುತ್ತಾನೆ. ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ: ಗೋಡೆಯ ಮೇಲೆ ಹೆಸರು ಬೇಕು. ಅದಕ್ಕಿಂತ, ಅಪ್ಪನ ಬಾಯಿಂದ 'ಚೆನ್ನಾಗಿ ಹೊಡೆದೆ' ಅನ್ನೋದು ಒಂದು ಸಲ ಕೇಳಬೇಕು. ಐವತ್ತರ ಹೆಂಗಸು ಹೀಗೆ ಆಸೆಪಡುವುದು ನಾಚಿಕೆಗೇಡು. ಆದರೂ ಬೇಕು.

ಜುಲೈ 12, ಶನಿವಾರ, ಸಂಜೆ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೊದಲಿಂದ ಬರೆಯುತ್ತೇನೆ. ನನಗೆ ಆರನೇ ಜಾಗ, ಬಲಗಡೆ ಏಳರಲ್ಲಿ ಅಪ್ಪ. ಗುರಿ ಸರಿ ನೋಡಿಕೊಳ್ಳಲು ಮೊದಲು ಎರಡು ಗುಂಡಿಗೆ ಅವಕಾಶ. ಹೊಡೆದೆ. ನನ್ನ ಬಿಸಿ ಕೋಶ ಚಿಮ್ಮಿ ನೇರ ಅಪ್ಪನ ಕಾಲರಿನೊಳಗೆ.

"ಏ ಹುಡ್ಗೀ! ಸಾಯ್ಸಬೇಕು ಅಂತಿದ್ರೆ ಮನೇಲೇ ಸಾಯ್ಸು!"

ಎಲ್ಲರೂ ನಕ್ಕರು. ಪಾಪ ಅನ್ನಿಸಿ ಚಾಪೆಯನ್ನು ಎಡಕ್ಕೆ ಎಳೆದುಕೊಂಡೆ. ಅವಸರದಲ್ಲಿ ಅದು ಬಲಕ್ಕೆ ಓರೆಯಾಯಿತು. ಮಲಗಿದೆ. ರೈಫಲಿನ ಮೇಲಿನ ದುರ್ಬೀನಿನಲ್ಲಿ ಒಂದೇ ಗುರಿಹಲಗೆ ಕಾಣುತ್ತದೆ, ಅದರ ಮೇಲಿನ ಸಂಖ್ಯೆ ಕಾಣುವುದಿಲ್ಲ. ಪಂದ್ಯ ನಡೆಸುವ ಓರ್ವೋ ಶಿಳ್ಳೆ ಊದಿದ. ಹೊಡೆದೆ. ಒಂದೊಂದೂ ಬಿಟ್ಟ ಕ್ಷಣಕ್ಕೇ ಗೊತ್ತಾಗುತ್ತಿತ್ತು, ನಡುವಿಗೇ ಹೋಯಿತು ಅಂತ. ಜೀವನದಲ್ಲಿ ಹಾಗೆ ಹೊಡೆದಿರಲಿಲ್ಲ.

ಎಲ್ಲರ ಬಂದೂಕು ಖಾಲಿ ಆಯಿತು, ಖಾಲಿ ಅಂತ ತೋರಿಸುವ ಹಳದಿ ಪಟ್ಟಿ ಸಿಕ್ಕಿಸಿದೆವು, ಬಂದೂಕು ಅಲ್ಲೇ ಬಿಟ್ಟು ಹಲಗೆಗಳ ಕಡೆ ನಡೆದೆವು. ನನ್ನ ಹಲಗೆ ನೋಡಿದರೆ — ಮೊದಲ ಎರಡು ಗುಂಡಿನ ತೂತಿಗೆ ಅಂಟಿಸಿದ್ದ ತೇಪೆ ಬಿಟ್ಟರೆ ಖಾಲಿ. ಬೋಳು. ಒಗೆದು ಹಾಕಿದ ಹಾಗೆ.

ಅಪ್ಪನ ಏಳನೇ ಹಲಗೆಯ ಮುಂದೆ ಓರ್ವೋ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಹದಿನೆಂಟು ತೂತು. ಎಂಟು ದೊಡ್ಡವು — ಅಪ್ಪನ ದಪ್ಪ ಗುಂಡಿನವು — ಒಂದು ಇಲ್ಲಿ, ಒಂದು ಅಲ್ಲಿ. ನಟ್ಟನಡುವೆ ಹತ್ತು ಸಣ್ಣ ತೂತು, ಒತ್ತಾಗಿ.

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಎರಡು ಗುಂಡು ಕಾಗದಕ್ಕೇ ಬಿದ್ದಿರಲಿಲ್ಲ. ಅದನ್ನು ಎಲ್ಲರೂ ಎಣಿಸಿ, ಎಣಿಸದವರ ಹಾಗೆ ನಿಂತಿದ್ದರು.

"ಮೊದಲ ಪಂದ್ಯ ಅಲ್ವಾ," ಅಂದ ಓರ್ವೋ, ಮೆತ್ತಗೆ. "ಇನ್ನೊಂದ್ಸಲ ಹೊಡೀಲಿ ಬಿಡಿ. ಯಾರಿಗೂ ಅಡ್ಡಿ ಇಲ್ಲ ಅಲ್ವಾ?"

"ನಂಗಿದೆ ಅಡ್ಡಿ," ಅಂದ ಅಪ್ಪ. "ಬೇರೆಯವರ ಹಲಗೆಗೆ ಹೊಡದ್ರೆ ಸೊನ್ನೆ. ನಲವತ್ತು ವರ್ಷದಿಂದ ಸೊನ್ನೆ. ಬರಿ."

ಓರ್ವೋ ನನ್ನ ಮುಖ ನೋಡಿದ. ನಾನೇ ಹೇಳಿದೆ, "ಬರಿಯಪ್ಪ, ಸೊನ್ನೆ." ಅವನು ಬರೆದು ಮುಂದಕ್ಕೆ ಹೊರಟ.

"ಎಲ್ಲಿಗೆ ಹೊರಟೆ? ಇದನ್ನ ಓದು," ಅಂದ ಅಪ್ಪ.

"ನಿನ್ನ ಎಂಟನ್ನಾ, ರೈನೋ?"

"ಸಣ್ಣವನ್ನ. ಗಟ್ಟಿಯಾಗಿ ಓದು."

"ಅವು ಲೆಕ್ಕಕ್ಕಿಲ್ಲ ಕಣಯ್ಯ."

"ನನ್ನ ಹಲಗೆ. ನನ್ನ ಹಲಗೇಲಿ ಏನಿದೆ ಅಂತ ನಂಗೆ ಸರಿಯಾಗಿ ಕಾಣಲ್ಲ. ಓದು!"

ಓರ್ವೋ ಓದಿದ. ಹತ್ತು. ಹತ್ತು. ಒಂಬತ್ತು. ಹತ್ತು... ಒಂದೊಂದಕ್ಕೂ ಅಪ್ಪ ತಲೆ ಆಡಿಸುತ್ತ ಹೋದ. ಒಟ್ಟು ತೊಂಬತ್ತೆಂಟು. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಅಪ್ಪ ಆ ಕಡೆ ತಿರುಗಿ, "ಯಾಕ್ರೋ ತಟ್ತೀರಿ? ಸೊನ್ನೆ ತಗೊಂಡಿದಾಳೆ" ಅಂದ. ಆಮೇಲೆ ತನ್ನ ಎಂಟನ್ನು ತಾನೇ ಬೆರಳು ಇಟ್ಟು ಇಟ್ಟು ಓದಿದ. ಐವತ್ತೆರಡು. ಧ್ವನಿ ಒಂದಿಷ್ಟೂ ತಗ್ಗಿಸಲಿಲ್ಲ.

ನನಗೆ ಹೇಳಿದ್ದು ಒಂದೇ ಮಾತು: "ಇನ್ಮೇಲೆ ನಿನ್ನ ಹಲಗೆ ಯಾವ್ದು ಅಂತ ನೋಡ್ಕೊಂಡು ಮಲ್ಕೋ."

ಮನೆಗೆ ಬಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಡ್ವೇನ್ ಛೇಡಿಸಿದ. ಛೇಡಿಸಲಿ. ಗೋಡೆಯ ಮೇಲೆ ನನ್ನ ಹೆಸರಿಲ್ಲ. ಆದರೂ ಬರೆದಿಡುತ್ತೇನೆ, ದೊಡ್ಡದಾಗಿ — ತೊಂಬತ್ತೆಂಟು. ಒಂದೂ ಆಕಸ್ಮಿಕ ಅಲ್ಲ. ಹಲಗೆ ತಪ್ಪಿತೇ ಹೊರತು ಕೈ ತಪ್ಪಲಿಲ್ಲ.

ಜುಲೈ 17, ಗುರುವಾರ

ಅಪ್ಪನ ಫೋನ್. "ಶನಿವಾರ ಅಭ್ಯಾಸ ಇದೆ. ಏಳಕ್ಕೆ ಬರ್ತೀನಿ, ರೆಡಿ ಇರು." ಇಟ್ಟುಬಿಟ್ಟ. ಐವತ್ತು ವರ್ಷದಲ್ಲಿ ಕೀತ್‌ನನ್ನು ಕರೆದುಕೊಂಡು ಹೋಗಿದ್ದಾನೆ, ಅವನ ಗೆಳೆಯರನ್ನು ಕರೆದುಕೊಂಡು ಹೋಗಿದ್ದಾನೆ, ನಾಯಿಯನ್ನೂ ಕರೆದುಕೊಂಡು ಹೋಗಿದ್ದಾನೆ. ನನ್ನನ್ನು ಇದೇ ಮೊದಲು. ಡ್ವೇನ್‌ಗೆ ಮೂರು ಸಲ ಹೇಳಿದೆ. ಮೂರನೇ ಸಲ ಅವನು ತಮಾಷೆ ಮಾಡಲಿಲ್ಲ, ಸುಮ್ಮನೆ ಕೈ ಹಿಡಿದುಕೊಂಡ.

ಜುಲೈ 19, ಶನಿವಾರ, ಬೆಳಿಗ್ಗೆ 6.40

ಆಗಲೇ ಬಂದುಬಿಟ್ಟಿದ್ದಾನೆ. ಏಳು ಅಂದರೆ ಅಪ್ಪನಿಗೆ ಆರೂವರೆ. ಬೂಟು ಹಾಕಿಕೊಂಡು ಅಡುಗೆಮನೆಯ ಮೇಜಿನ ಹತ್ತಿರ ನಿಂತೇ ಬರೆಯುತ್ತಿದ್ದೇನೆ. ಅಂಗಳದಲ್ಲಿ ಅಪ್ಪ, ಡ್ವೇನ್ ನಿಂತಿದ್ದಾರೆ, ಕಿಟಕಿಯಿಂದ ಎಲ್ಲ ಕಾಣುತ್ತದೆ, ಕೇಳುತ್ತದೆ.

"ಸೊನ್ನೆ ರಾಣಿ ಎದ್ದಿದಾಳಾ?"

"ಬರ್ತಿದಾಳೆ ಮಾವ. ಕಾಫಿ?"

"ಬೇಡ. ನನ್ನ ಸಾಮಾನು ಸ್ವಲ್ಪ ಸರಿಸ್ತೀನಿ, ಅವಳ ಪೆಟ್ಟಿಗೆಗೆ ಜಾಗ ಆಗ್ಬೇಕು."

ಅಪ್ಪನ ಟ್ರಕ್ಕಿನ ಹಿಂಭಾಗದಲ್ಲಿ ಒಂದು ಮಡಚುವ ಕುರ್ಚಿ ಇದೆ. ಮೂರು ಕಾಲಿನ ದೊಡ್ಡ ದುರ್ಬೀನು, ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ. ಅಷ್ಟೇ. ಡ್ವೇನ್ ಕೂಡ ಬಗ್ಗಿ ಹುಡುಕಿದ.

"ನಿಮ್ಮ ರೈಫಲ್ ಮರ್ತ್ ಬಂದ್ರಾ?"

"ಮರ್ತಿಲ್ಲ."

ಅಪ್ಪ ಕುರ್ಚಿಯನ್ನು ಒಂದು ಮೂಲೆಗೆ ತಳ್ಳಿದ.

"ಹೊಡಿಯೋದು ಅವಳು. ಎಲ್ಲಿ ಬಿತ್ತು ಅಂತ ನಾನು ಹೇಳ್ತೀನಿ. ಇಷ್ಟು ದೊಡ್ಡ ಗಾಜಿನಲ್ಲಾದ್ರೆ ನಂಗೂ ಕಾಣತ್ತೆ. ಏನ್ ಚೆನ್ನಾಗ್ ಹೊಡೀತಾಳೆ ಕಣಯ್ಯ ನನ್ ಮಗಳು, ನೋಡ್ದೇ ಇರಕ್ಕಾಗತ್ತಾ?"

ನನಗೆ ಹೇಳಿದ್ದಲ್ಲ. ಡ್ವೇನ್‌ಗೆ ಹೇಳಿದ್ದು. ಆದರೂ ಕೇಳಿಸಿತು, ನಾನು ಕೇಳಿಸಿಕೊಂಡೆ.